ಗುಡ್ಡದ ಕಡೆ ನೋಡುವ ಸವಾರ

ಮಿಕ್ನಾಸ್,
ಶವ್ವಾಲ್ ತಿಂಗಳ ಕೊನೆಯ ವಾರ, ಹಿಜರಿ ೧೨೫೧

ಶಾಮಾ,

ಪತ್ರದ ತಲೆಯಲ್ಲಿ ಮೊದಲು ದೇವರನ್ನು, ಆಮೇಲೆ ಪ್ರವಾದಿಯನ್ನು, ಅದಾದ ಮೇಲೆ ಎದುರಿನವರ ಕ್ಷೇಮವನ್ನು ನೆನೆಯಬೇಕು ಎಂದು ಫೆಸ್ ನಗರದ ಮದರಸೆಯಲ್ಲಿ ನಮಗೆ ಬೆತ್ತ ಹಿಡಿದು ಕಲಿಸಿದ್ದರು. ಮೊದಲಿನೆರಡನ್ನು ಬೆಳಗಿನ ನಮಾಜಿನಲ್ಲಿ ಮುಗಿಸಿಕೊಂಡೇ ಬಂದಿದ್ದೇನೆ. ಉಳಿದದ್ದು ಮೂರನೆಯದು. ಹೇಗಿದ್ದೀಯೆ? ಇತ್ತ ನಾನು ಕ್ಷೇಮ ಎಂದು ಬರೆಯುವುದು ರೂಢಿ, ರೂಢಿಗೆ ನಾನು ಯಾವತ್ತೂ ಎದುರಾಡಿದವನಲ್ಲ. ಬಲ ತೊಡೆ, ಎಡ ತೊಡೆ, ಸೊಂಟ, ಅದರ ಕೆಳಗಿರುವ ಹೆಸರಿಸಲಾಗದ ಪ್ರಾಂತ್ಯ, ಇವಿಷ್ಟನ್ನು ಬಿಟ್ಟು ಉಳಿದ ನಾನು ಕ್ಷೇಮ. ಕಾರಣ ಮುಂದೆ ತಿಳಿಯುತ್ತದೆ.

ನಿನಗೆ ಓದಲು ಬರುತ್ತದೆ ಎನ್ನುವುದು ನಿನ್ನ ಅಪ್ಪನಿಗೆ ಇನ್ನೂ ಗೊತ್ತಿಲ್ಲ ತಾನೆ? ಹಾಗಾದರೆ ಇದನ್ನು ಮೇಕೆಗಳ ಹಟ್ಟಿಯ ಹಿಂದೆ ಕೂತು ಓದು. ಮದುವೆಯಾದ ವರ್ಷ ಹಿಟ್ಟಿನ ಹರಿವಾಣದಲ್ಲಿ ನಿನ್ನ ಬೆರಳು ಹಿಡಿದು ಅಕ್ಷರ ತಿದ್ದಿಸುತ್ತಿದ್ದೆ. ಪಾಠ ಮುಗಿದೊಡನೆ ನೀನು ಅದೇ ಹಿಟ್ಟಿಗೆ ನೀರು ಹಾಕಿ ಕಲಸಿ ರೊಟ್ಟಿ ತಟ್ಟುತ್ತಿದ್ದೆ. ಕಲಿಸಿದ್ದನ್ನೆಲ್ಲ ಇಷ್ಟು ಚೆನ್ನಾಗಿ ಅರಗಿಸಿಕೊಂಡ ವಿದ್ಯಾರ್ಥಿನಿ ಇಡೀ ಮಗ್ರಿಬ್ ದೇಶದಲ್ಲಿ ಇನ್ನೊಬ್ಬಳಿಲ್ಲ.

ಎಂಟು ತಿಂಗಳ ಹಿಂದೆ ‘ಮರ್ಜಾನ್‌ನನ್ನು ನೋಡಿಕೊಂಡು ಬರುತ್ತೇನೆ’ ಎಂದು ಹೋದವಳು ನೀನು. ಇಷ್ಟು ಹೊತ್ತಿಗೆ ಆ ಕುದುರೆಯ ಒಂದೊಂದು ರೋಮವನ್ನೂ ನೋಡಿ ಮುಗಿಸಿರಬೇಕು. ದೂರುತ್ತಿಲ್ಲ. ನಮ್ಮ ನಡುವೆ ಜಗಳವೇ ಆಗಲಿಲ್ಲವಲ್ಲ. ಆಗಿದ್ದರೆ ರಾಜಿಯಾದರೂ ಆಗಬಹುದಿತ್ತು. ನಿನ್ನ ಜೊತೆ ತವರಿನಿಂದ ಬಂದ ಕುದುರೆ ನಮ್ಮ ಓಣಿಯ ತಿರುವಿನಲ್ಲಿ ಸಿಕ್ಕಿಕೊಂಡು, ಮುಂದೆ ಬರಲಾರದೆ ಹಿಂದೆ ಹೋಗಲಾರದೆ, ಎಣ್ಣೆಯವನ ಕತ್ತೆ, ನೀರಿನವನ ಚರ್ಮದ ಚೀಲ, ಒಂದು ಹೆಣದ ಮೆರವಣಿಗೆ ಎಲ್ಲವನ್ನೂ ಮಧ್ಯಾಹ್ನದವರೆಗೆ ತಡೆದು ನಿಲ್ಲಿಸಿತ್ತು. ಸತ್ತವನಿಗೇನೂ ಅವಸರವಿರಲಿಲ್ಲ, ಅವನ ಮಕ್ಕಳಿಗಿತ್ತು. ಮರುದಿನವೇ ಕುದುರೆಯನ್ನು ತವರಿಗೆ ಕಳಿಸಿದೆವು. ಅಂದಿನಿಂದ ನೀನು ಸಂಜೆಯಾದರೆ ಮಾಳಿಗೆ ಹತ್ತಿ, ಕೋಟೆಯ ಆಚೆ ಬಯಲು ಕಾಣುತ್ತದೆಯೇ ಎಂದು ನೋಡುತ್ತಿದ್ದೆ. ಕಾಣುತ್ತಿರಲಿಲ್ಲ. ನಾನು ಪಕ್ಕದಲ್ಲಿ ನಿಂತು ಏನಾದರೊಂದು ತಮಾಷೆ ಹೇಳುತ್ತಿದ್ದೆ. ನೀನು ನಗುತ್ತಿದ್ದೆ. ನಕ್ಕು, ಮತ್ತೆ ಅತ್ತ ನೋಡುತ್ತಿದ್ದೆ.

ಹಬ್ಬದ ಮುಂಚೆ ನಿನ್ನ ಅಪ್ಪ ಹೇಳಿ ಕಳಿಸಿದ್ದರು: ಈ ತಿಂಗಳ ಕೊನೆಯ ಗುರುವಾರ ಸಂತೆಗೆ ಬಂದಾಗ ಖಾಜಿಯ ಮುಂದೆ ನಿಂತು ಈ ಮದುವೆಯಿಂದ ನಿನ್ನ ಬಿಡುಗಡೆ ಕೇಳುತ್ತಾರಂತೆ. ಅವರು ಸವಾರರ ಸಾಲನ್ನು ಮುನ್ನಡೆಸುವ ಮುಕದ್ದಮ. ನನ್ನ ಪಾಲಿಗೆ ಬಂದದ್ದು ಮೊಕದ್ದಮೆ. ಇದು ನಿನ್ನದೇ ಇಷ್ಟವೋ, ಅವರದೋ ಎಂದು ಹೇಳಿಕಳಿಸಿದವನನ್ನು ಕೇಳಿದೆ. ಅವನು, ಸುದ್ದಿ ತರುವುದಷ್ಟೇ ತನ್ನ ಕೆಲಸ, ಸುದ್ದಿಯ ಒಳಗೆ ಇಣುಕುವುದಲ್ಲ ಎಂದ. ಇಂಥ ಸುಶಿಕ್ಷಿತರು ನಮ್ಮ ಕಚೇರಿಯಲ್ಲೂ ಇಲ್ಲ.

ಅದಾಗಿ ಕೆಲವೇ ದಿನಕ್ಕೆ, ಸಮುದ್ರದಾಚೆಯ ರೂಮಿಗಳ, ಆ ಕ್ರೈಸ್ತರ, ರಾಜನ ದೂತರು ಸುಲ್ತಾನರ ಭೇಟಿಗೆ ಬರುತ್ತಾರೆಂದೂ, ಕೋಟೆಯಾಚೆಯ ಬಯಲಿನಲ್ಲಿ ಅವರ ಮುಂದೆ ಕುಲಕ್ಕೊಂದು ಸಾಲಿನಂತೆ ಸವಾರರು ಬಂದು ಕೋವಿಮದ್ದಿನ ಆಟ ತೋರಿಸಬೇಕೆಂದೂ ಹುಕುಂ ಬಂತು. ಬರೆದದ್ದು ನಾನೇ, ಒಳ್ಳೆಯ ಅಕ್ಷರದಲ್ಲಿ. ಆ ಹುಕುಂ ತಿರುಗಿ ನನ್ನ ತಲೆಗೇ ಬರುತ್ತದೆ ಎಂದು ಗೊತ್ತಿದ್ದರೆ ಎರಡು ಅಕ್ಷರ ಅಳಿಸಿಹೋಗುವ ಹಾಗೆ ಬರೆಯುತ್ತಿದ್ದೆ.

ಈದ್ ಮುಗಿದ ಮರುವಾರ ನಿನ್ನ ಅಪ್ಪ ಕಚೇರಿಗೆ ಬಂದರು. ನನ್ನನ್ನು ನೋಡಲಿಲ್ಲ. ನನ್ನ ಮುಂದಿದ್ದ ಮಸಿಕುಡಿಕೆಯನ್ನು ನೋಡಿದರು. ಎಂಟು ತಿಂಗಳಿಂದ ಮಾತು ಬಿಟ್ಟವರು ಏಕಾಏಕಿ ಶುರು ಮಾಡಲು ಆಗುತ್ತದೆಯೆ? ಅದಕ್ಕೇ ಮಸಿಕುಡಿಕೆಯ ಜೊತೆ ಮಾತಾಡಿದರು.

“ನಮ್ಮ ಸಾಲಲ್ಲಿ ಒಬ್ಬ ಕಮ್ಮಿ ಬಿದ್ದಿದಾನೆ. ಹಮ್ಮು ಕೈ ಮುರ್ಕೊಂಡ.”

ಮಸಿಕುಡಿಕೆ ಸುಮ್ಮನಿತ್ತು. ಅದರ ಪರವಾಗಿ ನಾನು, ನಿನ್ನ ಅಣ್ಣ ಹಮ್ಮು ಕುದುರೆಯಿಂದ ಬಿದ್ದನೇ ಎಂದು ವಿಚಾರಿಸಿದೆ. ಅಂಜೂರದ ಮರದಿಂದ ಬಿದ್ದದ್ದಂತೆ. ಊರಿನಲ್ಲಿ ಮಾತ್ರ ಕುದುರೆಯಿಂದ ಎಂದು ಹೇಳಿದ್ದಾರಂತೆ. ನೀನೂ ಹಾಗೆಯೇ ಹೇಳುತ್ತಿರಬೇಕು. ಹೇಳು, ನಾನು ಗುಟ್ಟು ಬಿಡುವುದಿಲ್ಲ.

ನಿಮ್ಮವರ ಕಟ್ಟಳೆಯನ್ನು ನಿನಗೆ ನಾನು ಹೇಳಬೇಕಿಲ್ಲ. ಆದರೆ ನನ್ನ ಕುತ್ತಿಗೆಗೆ ಬಂದಾಗಲೇ ಅದರ ತೂಕ ನನಗೆ ಗೊತ್ತಾದದ್ದು. ಸಾಲಿನ ನಡುವೆ ಖಾಲಿ ಜಾಗ ಬಿಟ್ಟು ಓಡುವುದು ಸವಾರನೊಬ್ಬ ಸತ್ತ ವರ್ಷ ಮಾತ್ರ. ಹಮ್ಮುವಿನ ಜಾಗ ಖಾಲಿ ಬಿಟ್ಟರೆ, ಬದುಕಿ ಕೂತು ಮಜ್ಜಿಗೆ ಕುಡಿಯುತ್ತಿರುವ ಮಗನಿಗಾಗಿ ನಿನ್ನ ಅಮ್ಮ ಎದೆ ಬಡಿದುಕೊಂಡು ಅಳಬೇಕಾಗುತ್ತದೆ. ಬೇರೆ ಕುಲದವನನ್ನು ತುಂಬುವಂತೆಯೂ ಇಲ್ಲ. ರಕ್ತದವನಾಗಬೇಕು, ಇಲ್ಲವೇ ಮನೆಯ ಅಳಿಯನಾಗಬೇಕು. ರಕ್ತದವರೆಲ್ಲ ಆಗಲೇ ಸಾಲಿನಲ್ಲಿದ್ದಾರೆ. ಅಳಿಯಂದಿರಲ್ಲಿ ನಿನ್ನ ದೊಡ್ಡಕ್ಕನ ಗಂಡ ಹಜ್ ಯಾತ್ರೆಗೆ ಹೋಗಿದ್ದಾರೆ. ಚಿಕ್ಕಕ್ಕನ ಗಂಡ ಕುದುರೆ ಹತ್ತಿದರೆ ಕುದುರೆಯೇ ಯಾತ್ರೆ ಮುಗಿಸುವಷ್ಟು ತೂಕದವರು. ಅಳಿಯದೆ ಉಳಿದ ಅಳಿಯ ನಾನೊಬ್ಬನೇ.

“ಈ ಮನುಷ್ಯ ಯಾವತ್ತಾದ್ರೂ ಕುದುರೆ ಹತ್ತಿದಾನಾ ಕೇಳು,” ಎಂದರು ನಿನ್ನ ಅಪ್ಪ ಮಸಿಕುಡಿಕೆಗೆ.

ಹೇಸರಗತ್ತೆ ಹತ್ತಿದ್ದೇನೆ ಎಂದು ನಾನು ಮಸಿಕುಡಿಕೆಗೆ ತಿಳಿಸಿದೆ.

“ಅದು ಮುಖ ನೋಡಿದ್ರೇ ಗೊತ್ತಾಗತ್ತೆ.” ಅವರು ಮೇಲಂಗಿ ಕೊಡವಿಕೊಂಡು ಎದ್ದರು. “ಗುರುವಾರ ಖಾಜಿ ಹತ್ರ ಹೋಗೋವರ್ಗೂ ಅವನು ನನ್ನ ಅಳಿಯಾನೇ. ಅಲ್ಲೀವರ್ಗೆ ಒಂದಿಷ್ಟು ಉಪಯೋಗಕ್ಕೆ ಬರ್ಲಿ ಅಂತ ಹೇಳು.”

ನಾನು ಒಪ್ಪಿದ್ದು ಏಕೆ ಎಂದು ನೀನು ಕೇಳುವೆ. ನಿಮ್ಮ ಕುಲದ ಸವಾರರು ಬಂದರೆ ಹಿಂದೆಯೇ ಹೆಂಗಸರೂ ಬರುತ್ತಾರೆ; ಬಯಲಿನ ಪಕ್ಕದ ಗುಡ್ಡದ ಮೇಲೆ ಕೂತು ನೋಡುತ್ತಾರೆ. ಇಷ್ಟು ಸಾಕಲ್ಲ? ಹಾಗೆಂದು ನಿನ್ನ ಅಪ್ಪನ ಹತ್ತಿರ ಹೇಳಲಿಲ್ಲ. ರಾಜಾಜ್ಞೆ ಮೀರಲಾದೀತೇ ಎಂದು ಹೇಳಿ ಗಂಭೀರವಾಗಿ ತಲೆಯಾಡಿಸಿದೆ.

ಅಂದಿನಿಂದ ಕೋಟೆಯಾಚೆಯ ಬಯಲಿನಲ್ಲಿ ಅಭ್ಯಾಸ. ನಿನ್ನ ಅಲ್ಲಾಲ್ ಚಿಕ್ಕಪ್ಪ ಗುರು, ನಾನು ಶಿಷ್ಯ, ಮರ್ಜಾನ್ ಬೆತ್ತ. ಹಮ್ಮುವಿನ ಕುದುರೆ ಒರಟು. ಇವನಿಗೆ ಮರ್ಜಾನೇ ಸರಿ, ಕೂತವನ ದಡ್ಡತನವನ್ನು ಅವನೇ ತುಂಬಿಕೊಡುತ್ತಾನೆ ಎಂದು ನಿನ್ನ ಅಪ್ಪ ತೀರ್ಮಾನಿಸಿದರಂತೆ. ಸವಾರಿ ಎಂದರೆ ಓಡುವುದು ಎಂದುಕೊಂಡಿದ್ದೆ. ಓಡುವುದು ಕುದುರೆಯ ಕೆಲಸ. ಸವಾರನ ಕೆಲಸ ಪಕ್ಕದವನಿಗಿಂತ ಮುಂದೆ ಹೋಗದಿರುವುದು, ಅವನಿಗಿಂತ ಹಿಂದೆ ಬೀಳದಿರುವುದು. ನಾಗಾಲೋಟದಲ್ಲಿ ಲಗಾಮು ಬಿಟ್ಟು, ಕಾಲಿಡುವ ರಿಕಾಬಿನ ಮೇಲೆ ಎದ್ದು ನಿಂತು, ಕೋವಿಯೆತ್ತಿ, ಎಲ್ಲರೂ ಒಟ್ಟಿಗೆ ಹೊಡೆಯುವುದು. ಹನ್ನೊಂದು ಕೋವಿಗೆ ಒಂದೇ ಸದ್ದು. ಅದು ಒಂದೂಕಾಲಾದರೂ ಹೆಂಗಸರು ಕೇಕೆ ಹಾಕುವುದಿಲ್ಲ, ಗಂಡಸರು ಕೆಮ್ಮುತ್ತಾರೆ. ಆ ಕೆಮ್ಮು ಮೂರು ತಲೆಮಾರು ವಾಸಿಯಾಗುವುದಿಲ್ಲ ಎಂದು ಅಲ್ಲಾಲ್ ಚಿಕ್ಕಪ್ಪ ಹೇಳಿದರು. ಕೋವಿಯಲ್ಲಿ ಗುಂಡು ಇರುವುದಿಲ್ಲ, ಬರೀ ಮದ್ದು. ಎಲ್ಲ ನೋವಿಗೂ ಮದ್ದೇ ಕಾರಣವಾಗುವ ವಿಚಿತ್ರವನ್ನು ನಾನು ಕಂಡದ್ದು ಅಲ್ಲೇ.

“ಗುಮಾಸ್ತ್ರೇ, ಹೊಡೀಬೇಕು ಅಂತ ಹೊಡೀಬೇಡಿ,” ಎಂದು ಚಿಕ್ಕಪ್ಪ ಕಲಿಸಿದರು. “ಪಕ್ಕದೋರ ಉಸ್ರು ನಿಂತಾಗ ಹೊಡೀರಿ.”

“ಅವರಿಗಿಂತ ಮುಂಚೆ ನನ್ನ ಉಸ್ರೇ ನಿಂತೋದ್ರೆ?”

“ಅದಕ್ಕೇನಂತೆ. ಜಾಗ ಖಾಲಿ ಬಿಟ್ಟು ಓಡ್ತೀವಿ.”

ಮರ್ಜಾನ್ ಮೊದಲ ದಿನ ನನ್ನನ್ನು ಹತ್ತಿಸಿಕೊಳ್ಳಲೇ ಇಲ್ಲ. ಮೂತಿ ತಂದು ನನ್ನ ಅಂಗಿಯ ತೋಳಿನೊಳಗೆ ತೂರಿಸಿ, ಮೂಸಿ, ಏನೂ ಸಿಗದೆ ಮುಖ ತಿರುಗಿಸಿದ. ನೀನು ತೋಳಿನಲ್ಲಿ ಬಾರ್ಲಿ ಕಾಳು ಇಟ್ಟುಕೊಂಡು ತಿನ್ನಿಸುತ್ತಿದ್ದದ್ದು ಆಗ ನೆನಪಾಯಿತು. ಮರುದಿನ ನಾನೂ ಇಟ್ಟುಕೊಂಡು ಹೋದೆ. ಕಾಳು ತಿಂದ, ತಿಂದ ಮೇಲೂ ಮೂತಿಯನ್ನು ಅಲ್ಲೇ ಇಟ್ಟು ಬಹಳ ಹೊತ್ತು ನಿಂತ. ನನಗೆ ಅರ್ಥವಾಯಿತು. ಇಬ್ಬರದೂ ಒಂದೇ ಕಾಯಿಲೆ. ಅವನದು ಹೊಸದು, ನನ್ನದು ಹಳೆಯದು. ಅವತ್ತಿನಿಂದ ನಮ್ಮಿಬ್ಬರಿಗೂ ಸ್ನೇಹ. ಬೀಳಿಸುವುದನ್ನು ನಿಲ್ಲಿಸಲಿಲ್ಲ, ಆದರೆ ಬೀಳಿಸಿದ ಮೇಲೆ ಕಾಯುತ್ತಿದ್ದ.

ಆಟದ ದಿನ ಬಂತು. ದೂತರಿಗೆಂದು ಚಪ್ಪರ ಹಾಕಿ ಜಮಖಾನ ಹಾಸಿದ್ದರು. ಅವರ ಜೊತೆಗೊಬ್ಬ ಚಿತ್ರಗಾರ. ನೆರಳಿನಲ್ಲಿ ಕೂರೆಂದರೆ ಕೂರದೆ, ಬಯಲಿನ ಅಂಚಿನ ಬಂಡೆಯ ಮೇಲೆ ಕೂತು, ಮೊಣಕಾಲ ಮೇಲೆ ಹಲಗೆಯಿಟ್ಟುಕೊಂಡು ಇದ್ದಿಲಿನ ಕಡ್ಡಿಯಿಂದ ಗೀಚುತ್ತಿದ್ದ. ಕೈ, ಮೂಗು, ಹಣೆ ಎಲ್ಲ ಕಪ್ಪು. ಸವಾರರು ಆಗಲೇ ಅವನಿಗೆ ಸೀದಿ ಇದ್ದಿಲು ಎಂದು ಹೆಸರಿಟ್ಟಿದ್ದರು. ಬಿಸಿಲಿಗೆ ಮುಖ ಸೀದುಹೋಗಿದ್ದರಿಂದ ಆ ಸೀದಿ ಎಂಬ ಗೌರವ ಅವನಿಗೆ ಎರಡು ಬಗೆಯಲ್ಲೂ ಸಲ್ಲುತ್ತಿತ್ತು.

ನಾವು ಕೈಕಾಲು ಮುಖ ತೊಳೆದು ವುಜು ಮಾಡಿ, ನಮಾಜು ಮುಗಿಸಿ, ಬಿಳಿ ಬಟ್ಟೆ ತೊಟ್ಟು ಸಾಲಾದೆವು. ನಾನು ಬಲಗಡೆಯ ತುದಿ. ತಪ್ಪಿದರೂ ಒಬ್ಬನಿಗೇ ತಗಲಲಿ ಎಂಬ ಮುಂದಾಲೋಚನೆ ನಿನ್ನ ಅಪ್ಪನದು. ನಡುವೆ ಅವರು. ಒಂದು ಕೂಗು ಹಾಕಿದರು, ಕುದುರೆಗಳು ಹೆಜ್ಜೆ ಹಾಕಿದವು. ಇನ್ನೊಂದು ಕೂಗಿಗೆ ಬಯಲೇ ನಮ್ಮ ಕೆಳಗಿನಿಂದ ಯಾರೋ ಎಳೆದ ಹಾಗೆ ಹಿಂದಕ್ಕೆ ಸರಿಯತೊಡಗಿತು.

ಶಾಮಾ, ಗುಡ್ಡ ನನ್ನ ಬಲಗಡೆಗಿತ್ತು.

ಹೆಂಗಸರು ಇದ್ದರು. ದೂರದಿಂದ ಎಲ್ಲರೂ ಬಿಳಿ ಹೊದಿಕೆಯ ಚುಕ್ಕೆಗಳು. ನೀನು ನಿಲ್ಲುವಾಗ ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಹೊರಟುಬಿಡುವವಳ ಹಾಗೆ ನಿಲ್ಲುತ್ತೀಯಲ್ಲ, ಅದನ್ನು ಹುಡುಕುತ್ತಿದ್ದೆ. ಒಂದು ಚುಕ್ಕೆ ಹಾಗೆ ನಿಂತ ಹಾಗಿತ್ತು. ಇಲ್ಲ, ಅದು ಕುಳ್ಳು. ಇನ್ನೊಂದು. ಅದರ ಕಂಕುಳಲ್ಲಿ ಮಗು. ಅಷ್ಟರಲ್ಲಿ ಪಕ್ಕದಲ್ಲಿದ್ದ ಅಲ್ಲಾಲ್ ಚಿಕ್ಕಪ್ಪನ ಉಸಿರು ನಿಂತದ್ದು ಕಿವಿಗೆ ಬಿತ್ತು. ಕುದುರೆಗಳ ಗೊರಸಿನ ಸದ್ದಿನಲ್ಲಿ ಉಸಿರು ನಿಂತದ್ದು ಹೇಗೆ ಕೇಳಿಸಿತು ಎಂದು ಕೇಳಬೇಡ, ಕೇಳಿಸಿತು. ಎದ್ದು ನಿಂತೆ, ಹೊಡೆದೆ. ಒಂದೇ ಸದ್ದು. ಗುಡ್ಡದಿಂದ ಕೇಕೆ ಎದ್ದಿತು. ಮರ್ಜಾನ್ ಗಕ್ಕನೆ ನಿಂತ, ನಾನು ನಿಲ್ಲಲಿಲ್ಲ. ಅವನ ಕುತ್ತಿಗೆಯವರೆಗೆ ಪ್ರಯಾಣ ಮುಂದುವರಿಸಿದೆ. ಪೇಟ ಬಿಚ್ಚಿ ಬಾವುಟದಂತೆ ಹಾರಿತು, ಮೇಲಂಗಿ ತಲೆಯ ಮೇಲೆ ಬಂತು, ಒಂದು ಕಾಲು ರಿಕಾಬಿನಿಂದ ಹೊರಬಿತ್ತು. ಆದರೂ ಬೀಳಲಿಲ್ಲ. ನಿನ್ನ ಅಪ್ಪ ಆಗಲೂ ಮಾತಾಡಲಿಲ್ಲ. ಮಸಿಕುಡಿಕೆ ಅಲ್ಲಿರಲಿಲ್ಲ ನೋಡು.

ಮೂರನೆಯ ದಿನ ದೂತರ ಬಿಡಾರದ ತೋಟದಲ್ಲಿ ಸವಾರರಿಗೆಲ್ಲ ಊಟ. ಕುರಿಮಾಂಸ, ಕುಸ್ಕುಸು, ಜೇನು ಸುರಿದ ಬಾದಾಮಿ ಹೋಳಿಗೆ. ಊಟವಾದ ಮೇಲೆ ಸೀದಿ ಇದ್ದಿಲು ತನ್ನ ಚಿತ್ರವನ್ನು ತಂದು ಕಿತ್ತಳೆ ಮರಕ್ಕೆ ಒರಗಿಸಿಟ್ಟ. ಅಷ್ಟರಲ್ಲಿ ಅದಕ್ಕೆ ಬಣ್ಣ ಬಂದಿತ್ತು: ಮಣ್ಣಿನ ಕೆಂಪು, ಹೊಗೆಯ ಬೂದಿ, ಮೇಲಂಗಿಗಳ ಬಿಳಿ. ಕುದುರೆಗಳ ಕಣ್ಣುಗಳು ನಿಜವಾಗಿಯೂ ಉರಿಯುತ್ತಿದ್ದವು. ಜೀವಿಗಳ ಚಿತ್ರ ನೋಡುವುದು ಪಾಪವೆಂದು ಅಲ್ಲಾಲ್ ಚಿಕ್ಕಪ್ಪ ಅಸ್ತಗ್ಫಿರುಲ್ಲಾ, ದೇವರೇ ಕ್ಷಮಿಸು ಎಂದು ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಿಂದ ತಮ್ಮ ಕುದುರೆ ಎಲ್ಲಿದೆ ಎಂದು ಹುಡುಕತೊಡಗಿದರು. ನಿನ್ನ ಅಪ್ಪ ಮಾತ್ರ ಬಹಳ ಹೊತ್ತು ನೋಡಿದರು. ಅವರ ಗಡ್ಡ ಮೆಲ್ಲಗೆ ನಡುಗಲು ಶುರುವಾಯಿತು.

ಚಿತ್ರದಲ್ಲಿ ಸಾಲೇ ಇರಲಿಲ್ಲ, ಶಾಮಾ. ಒಂದು ಕುದುರೆ ಮುಂದೆ ನುಗ್ಗಿದೆ, ಒಂದು ಹಿಂಗಾಲ ಮೇಲೆ ಎದ್ದಿದೆ, ಇನ್ನೆರಡು ಒಂದಕ್ಕೊಂದು ಡಿಕ್ಕಿ ಹೊಡೆಯುವಂತಿವೆ. ಒಬ್ಬನ ಕೋವಿಯಿಂದ ಹೊಗೆ ಬಂದು ಚದುರಿಯೇಹೋಗಿದೆ, ಮತ್ತೊಬ್ಬನದು ಈಗ ಹೊಮ್ಮುತ್ತಿದೆ, ಮೂರನೆಯವನು ಇನ್ನೂ ಕೋವಿಯನ್ನು ಎತ್ತುತ್ತಿದ್ದಾನೆ. ಒಂದೇ ಸದ್ದಿಗಾಗಿ ಬದುಕು ಸವೆಸಿದ ಮನುಷ್ಯನ ಮುಂದೆ ಹನ್ನೊಂದು ಸದ್ದುಗಳನ್ನು ಬಣ್ಣದಲ್ಲಿ ಬರೆದಿಟ್ಟಿದ್ದ.

“ಇದು ನಮ್ಮ ಸಾಲಲ್ಲ, ಬೆಚ್ಚಿಬಿದ್ದ ಮೇಕೆ ಹಿಂಡು,” ಎಂದರು ನಿನ್ನ ಅಪ್ಪ, ತಾಂಜಾ ಬಂದರಿನಿಂದ ಬಂದಿದ್ದ ದುಭಾಷಿಗೆ. “ಇದನ್ನ ಅವನ ದೇಶದಲ್ಲಿ ಗೋಡೆಗೆ ನೇತಾಕಿದ್ರೆ ನಮ್ಮ ಮಾನ ನೇತಾಕ್ದಂಗೆ. ಅಳಿಸಿ ನೆಟ್ಟಗೆ ಬರಿ ಅಂತ ಹೇಳು.”

ದುಭಾಷಿ ಹೇಳಿದ. ಸೀದಿ ಇದ್ದಿಲು ಕೈಯಾಡಿಸಿ ಏನೇನೋ ಹೇಳಿದ. ಎಲ್ಲರೂ ನೆಟ್ಟಗೆ ಸಾಲಾಗಿ ಬಂದರೆ ಅದು ಬೇಲಿಯಾಗುತ್ತದೆ, ಚಿತ್ರವಾಗುವುದಿಲ್ಲ ಎನ್ನುತ್ತಾನೆ ಎಂದು ದುಭಾಷಿ ತಿಳಿಸಿದ.

“ಆ ಬೇಲಿ ಆಗೋಕೆ ನಮಗೆ ಒಂದು ಆಯಸ್ಸು ಬೇಕಾಯ್ತು ಅಂತ ಹೇಳು.”

ದುಭಾಷಿ ಇದನ್ನೂ ಹೇಳಿದ. ರೂಮಿ ನಿನ್ನ ಅಪ್ಪನನ್ನು ನೋಡಿ ತಲೆ ತಗ್ಗಿಸಿದ. ಅಳಿಸಲಿಲ್ಲ. ಅವನದೂ ಒಂದು ಹಟ. ಆ ಹಟಕ್ಕೂ ಅವನು ಆಯಸ್ಸು ಸವೆಸಿರಬೇಕು.

ಅಷ್ಟರಲ್ಲಿ ಅಲ್ಲಾಲ್ ಚಿಕ್ಕಪ್ಪ ಮುಚ್ಚಿದ್ದ ಕಣ್ಣನ್ನೂ ತೆರೆದು ಹೋ ಎಂದು ನಗತೊಡಗಿದರು. ಚಿತ್ರದ ಮುಂಭಾಗದಲ್ಲಿ, ಎಲ್ಲರಿಗಿಂತ ದೊಡ್ಡದಾಗಿ, ಹಿಂಗಾಲ ಮೇಲೆ ಎದ್ದ ಕೆಂಪು ಕುದುರೆಯ ಮೇಲೆ, ಪೇಟ ಬಿಚ್ಚಿ ಹಾರುತ್ತ, ಮೇಲಂಗಿ ರೆಕ್ಕೆಯಾಗಿ, ಸಿಂಹದಂಥ ಸವಾರನೊಬ್ಬನಿದ್ದ. ಅದು ನಾನು. ಇಡೀ ಬಯಲಿನಲ್ಲಿ ಅತಿ ಕೆಟ್ಟದಾಗಿ ಸವಾರಿ ಮಾಡಿದವನನ್ನು ಹುಡುಕಿ ತೆಗೆದು ರೂಮಿ ನಾಯಕನನ್ನಾಗಿ ಮಾಡಿದ್ದ. ಬೀಳುವವನಿಗೂ ಹಾರುವವನಿಗೂ ಇರುವ ವ್ಯತ್ಯಾಸ ಸಮುದ್ರದಾಚೆಗೆ ತಿಳಿಯುವುದಿಲ್ಲವಂತೆ ಎಂದು ಚಿಕ್ಕಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಸವಾರರೆಲ್ಲ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ, ನನಗೆ ಅಭ್ಯಾಸವಿದೆ.

ನಿನ್ನ ಅಪ್ಪ ನಗಲಿಲ್ಲ. ಮರದ ಹತ್ತಿರ ಹೋಗಿ ಬಗ್ಗಿ ಚಿತ್ರ ನೋಡಿದರು. ಆಮೇಲೆ ಬೆರಳು ಮುಂದೆ ಮಾಡಿ, ಬಣ್ಣಕ್ಕೆ ತಗಲದ ಹಾಗೆ, ಆ ಸವಾರನ ಮುಖವನ್ನು ತೋರಿಸಿದರು.

“ಎಲ್ಲಾರೂ ಮುಂದೆ ನೋಡ್ತಾ ಇದೀವಿ. ಇವನ್ಯಾಕೆ ಗುಡ್ಡದ ಕಡೆ ನೋಡ್ತಾ ಇದಾನೆ? ಇದು ರೂಮಿ ತಾನೇ ಹಾಕಿದ್ದೋ, ಇದ್ದಿದ್ದೋ ಕೇಳು.”

ದುಭಾಷಿ ಕೇಳಿದ. ಇದ್ದದ್ದು ಎಂದನಂತೆ ರೂಮಿ. ಹೊರಟಲ್ಲಿಂದ ಕೋವಿ ಹೊಡೆಯುವವರೆಗೂ ಆ ಒಬ್ಬ ಸವಾರ ಹಾಗೆಯೇ ನೋಡುತ್ತಿದ್ದ, ಉಳಿದದ್ದನ್ನೆಲ್ಲ ತಾನು ಕಲಕಿ ಜೋಡಿಸಿದ್ದು ನಿಜ, ಆ ನೋಟವನ್ನು ಮಾತ್ರ ಮುಟ್ಟಲಿಲ್ಲ, ಅದಕ್ಕಾಗಿಯೇ ಅವನನ್ನು ಮುಂದೆ ತಂದದ್ದು ಎಂದನಂತೆ.

ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಅದಕ್ಕೇ ತಿರುಗಿದೆ ಎಂದು ನಾನು ತಮಾಷೆ ಮಾಡಲು ಹೊರಟೆ. ಯಾರೂ ನಗಲಿಲ್ಲ. ಬಿಸಿಲು ನಮ್ಮ ಬೆನ್ನಿಗಿತ್ತು, ಅದು ಎಲ್ಲರಿಗೂ ಗೊತ್ತಿತ್ತು. ನಾನು ಚಿತ್ರ ನೋಡಿದೆ. ನನ್ನ ಮುಖವನ್ನು ನಾನು ಕನ್ನಡಿಯಲ್ಲಿ ನೋಡಿದ್ದೇನೆ. ಅಲ್ಲಿ ಯಾವಾಗಲೂ ತುಟಿಯ ಕೊನೆಯಲ್ಲಿ ಒಂದು ನಗೆ ಕಾವಲು ಕೂತಿರುತ್ತದೆ. ಚಿತ್ರದಲ್ಲಿ ಆ ಕಾವಲುಗಾರ ಇರಲಿಲ್ಲ.

“ಬುಶ್ತಾ,” ಎಂದರು ನಿನ್ನ ಅಪ್ಪ.

ಹೆಸರು ಹಿಡಿದು ಕರೆದರು. ನನಗೆ ಒಂದು ಕ್ಷಣ, ಯಾರನ್ನು ಕರೆಯುತ್ತಿದ್ದಾರೆ ಎಂದೇ ತಿಳಿಯಲಿಲ್ಲ.

“ಅವಳು ಬಂದಿರ್ಲಿಲ್ಲ,” ಎಂದರು. “ಗುಡಾರದಲ್ಲೇ ಉಳ್ಕೊಂಡ್ಲು. ಬಾ ಅಂದ್ರೆ ಮೇಕೆ ಈಯತ್ತೆ ಅಂದ್ಲು. ಯಾವ ಮೇಕೇನೂ ಈಯ್ಲಿಲ್ಲ.”

ನಾನು ಸುಮ್ಮನಿದ್ದೆ. ನಾನು ಸುಮ್ಮನಿದ್ದೆ ಎಂದು ಬರೆಯುವ ಅವಕಾಶ ನನಗೆ ಬದುಕಿನಲ್ಲಿ ಹೆಚ್ಚು ಬಂದಿಲ್ಲ, ಅದಕ್ಕೇ ಎರಡು ಸಲ ಬರೆದೆ.

ಅವರು ನನ್ನನ್ನು ಕಿತ್ತಳೆ ಮರದ ಆಚೆಗೆ ಕರೆದುಕೊಂಡು ಹೋದರು. ಹೇಳಿದ್ದರಲ್ಲಿ ಅರ್ಧ ಬೈಗುಳ, ಅದು ನಮ್ಮಿಬ್ಬರ ನಡುವೆ ಇರಲಿ. ಖಾಜಿಯ ಹತ್ತಿರ ಹೋಗುವ ಯೋಚನೆ ತಮ್ಮದೇ ಎಂದರು. ನೀನು ಬೇಕು ಎಂದೂ ಹೇಳಲಿಲ್ಲವಂತೆ, ಬೇಡ ಎಂದೂ ಹೇಳಲಿಲ್ಲವಂತೆ. ಒಂದು ಮಾತನ್ನೂ ಆಡದೆ ಮರ್ಜಾನ್‌ನ ಕೂದಲು ಹೆಣೆಯುತ್ತ ಕೂರುತ್ತಿದ್ದೆಯಂತೆ. ಈ ಹುಡುಗ ನಗಿಸುತ್ತಾನೆ, ನಿಜ. ಆದರೆ ನಗಿಸುವವನಿಗೆ ತನ್ನ ಮಗಳು ಬೇಕೋ ಬೇಡವೋ ಎಂದು ಇಷ್ಟು ದಿನ ತಮಗೆ ತಿಳಿಯಲಿಲ್ಲ ಎಂದರು. ಕೊನೆಗೆ ಹೇಳಿದ ಮಾತನ್ನು ಮಾತ್ರ ಇದ್ದ ಹಾಗೆಯೇ ಬರೆಯುತ್ತೇನೆ:

“ಗುರುವಾರ ನಾನು ಎಲ್ಲಿಗೆ ಹೋಗ್ಬೇಕು ಅಂತ ಅವಳು ಹೇಳ್ಲಿ. ಅವಳನ್ನ ಕೇಳೋದು ನಿನ್ನ ಕೆಲ್ಸ, ನಂದಲ್ಲ. ಆದ್ರೆ ಒಂದು ಸಲ ನೆಟ್ಟಗೆ ಕೇಳೋ ಮಾರಾಯ.”

ಹೋಗುವಾಗ ಮರ್ಜಾನ್‌ನನ್ನು ನನ್ನ ಹತ್ತಿರ ಬಿಟ್ಟುಹೋದರು. ಹಿಂಗಾಲ ಲಾಳ ಸಡಿಲವಾಗಿದೆ, ಬಡಿಸಿ ಇಟ್ಟಿರು ಎಂದರು. ಲಾಳದವನಿಗೆ ತೋರಿಸಿದೆ. ಲಾಳ ಗಟ್ಟಿಯಾಗಿಯೇ ಇತ್ತು.

ಕುದುರೆ ಕೈಯಲ್ಲಿದೆಯಲ್ಲ, ಅವನನ್ನೇ ಕರೆದುಕೊಂಡು ಮನೆ ನೋಡಲು ಹೊರಟೆ. ನಗಬೇಡ. ನಮ್ಮ ಓಣಿಯ ಮನೆಯನ್ನು ನೀನು ಬಿಟ್ಟುಹೋದದ್ದಲ್ಲ, ಅದು ನಿನ್ನನ್ನು ಒಳಗೇ ಬಿಟ್ಟುಕೊಂಡಿರಲಿಲ್ಲ ಎಂದು ನನಗೆ ತಿಳಿದದ್ದು ಬಯಲಿನಲ್ಲಿ ಓಡಿದ ಮೇಲೆ. ಮೊದಲ ಮನೆಯ ಬಾಗಿಲಲ್ಲಿ ಮರ್ಜಾನ್ ತಲೆ ಬಗ್ಗಿಸಬೇಕಾಯಿತು, ಬೇಡವೆಂದೆ. ಎರಡನೆಯದರ ಅಂಗಳದಲ್ಲಿ ಅವನು ತಿರುಗಲು ಹೋಗಿ ಮನೆಯೊಡತಿಯ ಆಲಿವ್ ಜಾಡಿಗಳನ್ನು ಒಡೆದ, ಅವರೇ ಬೇಡವೆಂದರು. ಮೂರನೆಯದು ಉತ್ತರದ ಕೋಟೆಗೋಡೆಯ ಹೊರಗೆ, ದಾಳಿಂಬೆ ತೋಟಗಳ ಅಂಚಿನಲ್ಲಿದೆ. ಮಾಳಿಗೆ ಸೋರುತ್ತದೆ. ಗಾಳಿ ತಿರುಗಿದರೆ ಚರ್ಮ ಹದ ಮಾಡುವವರ ಕೇರಿಯ ವಾಸನೆ ಊಟಕ್ಕೆ ಬಂದು ಕೂರುತ್ತದೆ. ಕಚೇರಿಗೆ ನಡೆದರೆ ನನ್ನ ಚಪ್ಪಲಿಗಳು ರಾಜೀನಾಮೆ ಕೊಡುತ್ತವೆ. ಆದರೆ ಬಾಗಿಲು ಎತ್ತರ. ಮರ್ಜಾನ್ ತಲೆಯೆತ್ತಿಕೊಂಡೇ ಒಳಗೆ ಹೋಗಿ, ಅಂಗಳದಲ್ಲಿ ಒಂದು ಸುತ್ತು ಹಾಕಿ, ಮನೆಯ ನಡುವೆಯೇ ತನ್ನ ಅಭಿಪ್ರಾಯವನ್ನು ಹಸಿಹಸಿಯಾಗಿ ಸಲ್ಲಿಸಿದ. ಅದನ್ನು ಒಪ್ಪಿಗೆ ಎಂದು ಭಾವಿಸಿ ಕೀಲಿಕೈ ತೆಗೆದುಕೊಂಡಿದ್ದೇನೆ. ಮಾಳಿಗೆ ಹತ್ತಿ ನೋಡಿದೆ. ಬಯಲು ಕಾಣುತ್ತದೆ.

ರೂಮಿಗಳು ನಿನ್ನೆ ಹೊರಟುಹೋದರು. ಚಿತ್ರವನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಹೇಸರಗತ್ತೆಯ ಮೇಲೆ ಹೇರಿದ್ದರು. ಹೊರಡುವ ಮುಂಚೆ ಒಂದು ಸಲ ಬಿಚ್ಚಿ ತೋರಿಸು ಎಂದು ಚಿತ್ರಗಾರನನ್ನು ಕೇಳಿಕೊಂಡೆ. ಗುಡ್ಡವನ್ನು ನೋಡಬೇಕಿತ್ತು ನನಗೆ. ಅವನು ಗುಡ್ಡ ಬರೆದಿದ್ದಾನೆ, ಹೆಂಗಸರನ್ನು ಬರೆದಿಲ್ಲ. ಒಂದು ಕಂದು ಗೆರೆ, ಅದರ ಮೇಲೆ ಬರೀ ಆಕಾಶ. ಏಕೆ ಎಂದು ದುಭಾಷಿಯಿಂದ ಕೇಳಿಸಿದೆ. ಆ ಸವಾರನಿಗೆ ಅಲ್ಲಿ ಏನೂ ಸಿಕ್ಕಲಿಲ್ಲವಲ್ಲ ಎಂದನಂತೆ. ಇನ್ನು ಆ ಚಿತ್ರ ಯಾವುದೋ ದೇಶದ ಯಾವುದೋ ಗೋಡೆಯ ಮೇಲೆ ಇರುತ್ತದೆ. ನಾವಿಬ್ಬರೂ ಮಣ್ಣಾದ ಮೇಲೂ ಅಲ್ಲಿನ ಜನ ಅದರ ಮುಂದೆ ನಿಂತು, ಇಷ್ಟು ಗದ್ದಲದ ನಡುವೆ ಈ ಮನುಷ್ಯ ಖಾಲಿ ಗುಡ್ಡವನ್ನು ಏಕೆ ನೋಡುತ್ತಿದ್ದಾನೆ ಎಂದು ಯೋಚಿಸುತ್ತಾರೆ. ಉತ್ತರ ಗೊತ್ತಿರುವವಳು ಒಬ್ಬಳೇ, ಅವಳು ಮೇಕೆಗಳ ಹಟ್ಟಿಯ ಹಿಂದೆ ಕೂತು, ಅಕ್ಷರಕ್ಕೆ ಅಕ್ಷರ ಕೂಡಿಸಿ, ತುಟಿಯಾಡಿಸುತ್ತ ಇದನ್ನು ಓದುತ್ತಿದ್ದಾಳೆ.

ನೋಡು, ಎಷ್ಟು ಉದ್ದ ಬರೆದೆ. ನಿನ್ನ ಅಪ್ಪ ನೆಟ್ಟಗೆ ಕೇಳು ಎಂದಿದ್ದರು. ನಾನು ಕುದುರೆ, ಮನೆ, ರೂಮಿ ಎಂದು ಬಯಲೆಲ್ಲ ಸುತ್ತಿ ಬಂದೆ, ಕೇಳಬೇಕಾದದ್ದು ಹಾಗೆಯೇ ಉಳಿಯಿತು. ಮಸಿ ಮುಗಿಯುತ್ತಿದೆ. ಅಮ್ಮನಿಗೂ ಹಮ್ಮುವಿಗೂ ನನ್ನ ಸಲಾಂ ತಿಳಿಸು. ಅಂಜೂರದ ಮರಕ್ಕೆ ವಿಶೇಷವಾಗಿ.

ಇಂತು, ಗುರುವಾರದವರೆಗೆ ನಿಶ್ಚಯವಾಗಿಯೂ,
ಆಮೇಲೆ ನೀನು ಹೇಳಿದಂತೆ,
ನಿನ್ನ
ಬುಶ್ತಾ

ಮೇಲಿನದು ಮಿಕ್ನಾಸಿನಲ್ಲಿ ಬರೆದದ್ದು. ಇದನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಪತ್ರ ತರಲು ಬೇರೆ ಯಾರನ್ನೂ ಒಪ್ಪಿಸಲಿಲ್ಲ, ನಾನೇ ತಂದೆ. ನಿಮ್ಮ ಗುಡಾರಗಳ ಕೆಳಗಿನ ಹಳ್ಳದ ಹತ್ತಿರ ಕೂತಿದ್ದೇನೆ. ನೀರಿಗೆ ಬಂದ ನಿನ್ನ ಅತ್ತಿಗೆಯ ಕೈಯಲ್ಲಿ ಈಗ ಇದನ್ನು ಕಳಿಸುತ್ತೇನೆ. ಮರ್ಜಾನ್ ಪಕ್ಕದಲ್ಲಿ ಮೇಯುತ್ತಿದ್ದಾನೆ. ನೀನು ನಿಧಾನವಾಗಿ ಓದುವವಳು, ನಿಧಾನವಾಗಿಯೇ ಓದು. ಶಾಮಾ, ನೀನಿಲ್ಲದೆ ನನಗೆ ಆಗುವುದಿಲ್ಲ. ನನ್ನ ಜೊತೆ ಬಾ. ಬರುವುದಿಲ್ಲ ಎಂದಾದರೆ ಅದನ್ನು ಯಾರ ಕೈಯಲ್ಲೂ ಹೇಳಿ ಕಳಿಸಬೇಡ, ನೀನೇ ಕೆಳಗಿಳಿದು ಬಂದು ಹೇಳು. ಒಂದು ಸಲ ನೋಡಿದ ಹಾಗಾಗುತ್ತದೆ.